ಡೀಸೆಲ್ ಕಾರ್ಡ್‌ನ ಉಳಿತಾಯ ಯಾವ ಕಾಲಂನಲ್ಲಿದೆ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಸಮೀಪದ ಪುಟ್ಟ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ನೋಡಿದ ಆ ಹಾಳೆಗಳು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ನಾಲ್ಕು ಲಾರಿಗಳ ಮಾಲೀಕರೊಬ್ಬರು ತಮ್ಮ ಡೀಸೆಲ್ ಕಾರ್ಡ್‌ಗಳ ತಿಂಗಳ ಸ್ಟೇಟ್‌ಮೆಂಟನ್ನು ಪ್ರಿಂಟ್ ಹಾಕಿಸಿ ಮೇಜಿನ ತುಂಬ ಹರಡಿದ್ದರು. ದಿನಾಂಕ, ಬಂಕ್ ಇರುವ ಊರು, ಲೀಟರ್, ದರ, ಮೊತ್ತ, ಪಾಯಿಂಟ್. ಅವುಗಳ ಪಕ್ಕದಲ್ಲಿ ಇನ್ನೊಂದು ಕಾಲಂ: ಓಡೋಮೀಟರ್. ಒಂದು ಲಾರಿಯ ಹಾಳೆಯಲ್ಲಿ ಆ ಕಾಲಂನ ಉದ್ದಕ್ಕೂ ಒಂದೇ ನಾಲ್ಕು ಅಂಕಿ. ಹುಬ್ಬಳ್ಳಿಯಲ್ಲಿ ಅದೇ, ತುಮಕೂರಿನಲ್ಲಿ ಅದೇ, ವಾರ ಕಳೆದು ಹಿರಿಯೂರಿನಲ್ಲೂ ಅದೇ. ಕಾಗದದ ಪ್ರಕಾರ ಆ ಲಾರಿ ತಿಂಗಳಿಡೀ ಡೀಸೆಲ್ ಕುಡಿದಿದೆ, ಒಂದು ಕಿಲೋಮೀಟರೂ ಓಡಿಲ್ಲ.

"ಅದು ಗಾಡಿ ನಂಬರ್ ರೀ ಸರ" ಎಂದರು ಮಾಲೀಕರು. "ಡೀಸೆಲ್ ಹಾಕಿಸಿದಾಗ ಮಷಿನ್ ಕಿಲೋಮೀಟರ್ ಎಷ್ಟು ಅಂತ ಕೇಳ್ತೈತಿ. ನಮ್ಮ ಡ್ರೈವರ್ ನಂಬರ್ ಪ್ಲೇಟಿಂದು ಹೇಳಿಬಿಡ್ತಾನ, ಬಂಕಿನ ಹುಡುಗ ಒತ್ತಿಬಿಡ್ತಾನ. ಪಾಯಿಂಟ್ ಗೀಯಿಂಟ್ ಆಮೇಲೆ ನೋಡೋಣ್ರಿ, ಮೊದಲ ಈ ಕಾಲಂ ನೋಡ್ರಿ."

ಸಣ್ಣ ವ್ಯವಹಾರಸ್ಥರಿಗೆ ಇಂಧನ ಕಾರ್ಡ್‌ನಿಂದ ನಿಜಕ್ಕೂ ದುಡ್ಡು ಉಳಿಯುತ್ತದೆಯೇ ಎಂದು ಕೇಳಲು ಹೋದ ನನಗೆ ಅವರು ಉತ್ತರ ಇರುವ ಜಾಗವನ್ನೇ ತೋರಿಸಿದ್ದರು.

ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದೂಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್ ಹೆಸರುಗಳು ಹೆದ್ದಾರಿಯ ಬಂಕ್‌ಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದಿರುತ್ತವೆ. 2002ರ ಏಪ್ರಿಲ್‌ನಲ್ಲಿ ಸರ್ಕಾರಿ ನಿಗದಿಯ ಬೆಲೆ ವ್ಯವಸ್ಥೆ ಕಾಗದದ ಮೇಲಾದರೂ ಮುಗಿದ ಕಾಲದ ಆಚೀಚೆ ಈ ಕಾರ್ಡ್‌ಗಳು ಬೇರೂರಿದವು. ಡೀಸೆಲ್ ಬೆಲೆ ನಿಜವಾಗಿ ಮುಕ್ತವಾದದ್ದು 2014ರ ಅಕ್ಟೋಬರ್‌ನಲ್ಲಿ. ದಿನವೂ ಬೆಲೆ ಪರಿಷ್ಕರಿಸುವ ಪದ್ಧತಿ ಬಂದದ್ದು 2017ರ ಜೂನ್ 16ರಿಂದ. ಇಷ್ಟಾದರೂ ಒಂದೇ ಊರಿನ ಮೂರು ಕಂಪನಿಗಳ ಬಂಕ್‌ಗಳಲ್ಲಿ ದರ ಹೆಚ್ಚುಕಡಿಮೆ ಒಂದೇ. ದರದಲ್ಲಿ ಪೈಪೋಟಿ ಇಲ್ಲದ ಕಡೆ ಗಿರಾಕಿಯನ್ನು ಹಿಡಿದಿಡುವುದು ಪಾಯಿಂಟ್, ಅಪಘಾತ ವಿಮೆ, ಕಾರ್ಡ್. ಇಂಥ ರಿಯಾಯಿತಿಗಳನ್ನು ಕಾಯಂ ಎಂದು ನಂಬಬಾರದು. ನೋಟು ರದ್ದತಿಯ ನಂತರ ಡಿಜಿಟಲ್ ಪಾವತಿಗೆ ಘೋಷಿಸಿದ ಶೇ 0.75ರ ರಿಯಾಯಿತಿ ಕ್ರೆಡಿಟ್ ಕಾರ್ಡ್‌ಗಳ ಪಾಲಿಗೆ 2019ರ ಅಕ್ಟೋಬರ್‌ಗೇ ನಿಂತುಹೋಯಿತು.

ಈಗ ಲೆಕ್ಕಕ್ಕೆ ಬರೋಣ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರ್ ಬೆಲೆ 91 ರೂಪಾಯಿ ಆಸುಪಾಸಿಗೆ ಬಂತು. ಆ ದರವನ್ನೇ ಹಿಡಿಯೋಣ. ಈರುಳ್ಳಿ ಹೇರಿಕೊಂಡು ಹುಬ್ಬಳ್ಳಿಯಿಂದ ಯಶವಂತಪುರಕ್ಕೆ ಹೋಗಿ ಬರಲು ಸುಮಾರು 820 ಕಿ.ಮೀ. ಲೀಟರ್‌ಗೆ 4 ಕಿ.ಮೀ. ಮೈಲೇಜ್ ಎಂದರೆ 205 ಲೀಟರ್, 18,655 ರೂಪಾಯಿ. ಪಾಯಿಂಟ್‌ಗಳಿಂದ ನೂರಕ್ಕೆ ಅರ್ಧ ರೂಪಾಯಿ ಬಂತೆಂದುಕೊಂಡರೆ ಟ್ರಿಪ್ಪಿಗೆ ಸಿಗುವುದು 93 ರೂಪಾಯಿ. ಅದೇ ಲಾರಿಯ ಮೈಲೇಜ್ 4ರಿಂದ 3.8ಕ್ಕೆ ಇಳಿದರೆ ಸುಮಾರು 11 ಲೀಟರ್ ಹೆಚ್ಚು ಬೇಕು. ಅಂದರೆ 980 ರೂಪಾಯಿ ಹೆಚ್ಚುವರಿ ಖರ್ಚು. ಪಾಯಿಂಟ್‌ನ ಲಾಭಕ್ಕಿಂತ ಹತ್ತು ಪಟ್ಟು ದುಡ್ಡು ದಶಮಾಂಶ ಎರಡರಷ್ಟು ಮೈಲೇಜ್‌ನಲ್ಲಿ ಅಡಗಿದೆ. ಅದನ್ನು ಹಿಡಿದುಕೊಡುವ ಕಾಲಂ ಒಂದೇ, ಓಡೋಮೀಟರ್.

ಹಾಗಾಗಿ ಆ ಕಾಲಂ ಬಗ್ಗೆ ಇನ್ನಷ್ಟು ಹೇಳಲೇಬೇಕು. ಮೈಲೇಜ್ ಲೆಕ್ಕ ಸರಿ ಬರಬೇಕಾದರೆ ಟ್ಯಾಂಕ್ ಪ್ರತಿ ಸಲ ಫುಲ್ ಆಗಬೇಕು. ಎರಡು ಫುಲ್ ಟ್ಯಾಂಕ್‌ಗಳ ನಡುವೆ ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಒಮ್ಮೆ 60 ಲೀಟರ್, ಮತ್ತೊಮ್ಮೆ 40 ಲೀಟರ್ ಎಂದು ಅಷ್ಟಿಷ್ಟೇ ಹಾಕಿಸಿದರೆ ಟ್ಯಾಂಕಿನಲ್ಲಿ ಉಳಿದದ್ದೆಷ್ಟು ಎಂದು ಯಾರಿಗೂ ಗೊತ್ತಾಗದು. ಇಲ್ಲಿ ಕಾರ್ಡೇ ಅಡ್ಡ ಬರುವುದುಂಟು. ಮಾಲೀಕರು ಭಯಕ್ಕೆ ದಿನದ ಮಿತಿಯನ್ನು ಕಡಿಮೆ ಇಟ್ಟರೆ ಡ್ರೈವರ್ ಟ್ಯಾಂಕ್ ತುಂಬಿಸಲಾರ. ಹುಬ್ಬಳ್ಳಿಯ ಈ ಮಾಲೀಕರು ಮೊದಲು ಸರಿಪಡಿಸಿದ್ದು ಇದನ್ನೇ. ಮಿತಿಯನ್ನು ಟ್ಯಾಂಕಿನ ಅಳತೆಗೆ ಏರಿಸಿದರು. ಮೀಟರ್ ಕೆಟ್ಟು ನಿಂತಿದ್ದ ಒಂದು ಲಾರಿಗೆ ಅದನ್ನು ರಿಪೇರಿ ಮಾಡಿಸಿದರು. ಡೀಸೆಲ್ ಹಾಕಿಸಿದ ಕೂಡಲೇ ಮೀಟರಿನ ಫೋಟೋ ವಾಟ್ಸ್‌ಆ್ಯಪ್‌ಗೆ ಬರಬೇಕೆಂದು ಹೇಳಿದರು.

ಡ್ರೈವರ್ ಏಕೆ ಸುಳ್ಳು ಅಂಕಿ ಹೇಳುತ್ತಿದ್ದ? ಆತ ಅಲ್ಲೇ ಹೊರಗಡೆ ಹಗ್ಗ ಬಿಗಿಯುತ್ತಿದ್ದ, ಕೇಳಿದೆ. "ರಾತ್ರಿ ಎರಡಕ್ಕ ಬಂಕಿಗೆ ಹೋಗಿರ್ತೇನ್ರಿ. ಹಿಂದ ಸಾಲು ನಿಂತಿರ್ತೈತಿ. ಮತ್ತ ಕ್ಯಾಬಿನ್ ಹತ್ತಿ ಮೀಟರ್ ನೋಡಿ ಬರೂದು ಯಾರ್ರೀ? ಯಾರೂ ಕೇಳಿರ್ಲಿಲ್ಲ" ಎಂದ. ಅವನ ಮಾತಿನಲ್ಲಿ ನನಗೆ ಕಳ್ಳತನ ಕಾಣಲಿಲ್ಲ. ಯಾರೂ ಓದದ ಲೆಕ್ಕವನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ. ಡ್ರೈವರ್‌ಗಳೆಂದರೆ ಡೀಸೆಲ್ ಕದಿಯುವವರು ಎಂಬಂತೆ ಕಾರ್ಡ್ ಮಾರುವವರು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಡ್ ಖಾಲಿ ಬಿಲ್‌ನ ಮೋಸವನ್ನು ತಡೆಯುತ್ತದೆ, ಯಾವ ಬಂಕಿನಲ್ಲಿ ಯಾವ ಹೊತ್ತಿಗೆ ಎಷ್ಟು ಲೀಟರ್ ಎಂದು ಕೂಡಲೇ ಮೆಸೇಜ್ ಕಳಿಸುತ್ತದೆ. ಟ್ಯಾಂಕಿಗೆ ಬಿದ್ದ ಮೇಲೆ ಆ ಡೀಸೆಲ್ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಮೈಲೇಜ್ ಕಡಿಮೆಯಾದರೆ ಕಾರಣ ಟೈರಿನ ಗಾಳಿ ಇರಬಹುದು, ಇಂಜೆಕ್ಟರ್ ಇರಬಹುದು, ಓವರ್‌ಲೋಡ್ ಇರಬಹುದು. ಈ ಮಾಲೀಕರು ಮೈಲೇಜ್ ಸುಧಾರಿಸಿದರೆ ಉಳಿದ ದುಡ್ಡಿನಲ್ಲಿ ಡ್ರೈವರ್‌ಗೂ ಪಾಲು ಎಂದು ಬಾಟಾ ಜೊತೆಗೆ ಸೇರಿಸಿದರು. ಮರುತಿಂಗಳ ಹಾಳೆಯಲ್ಲಿ ಕಿಲೋಮೀಟರ್‌ಗಳು ಓಡತೊಡಗಿದ್ದವು. ಒಂದು ಲಾರಿ ಉಳಿದ ಮೂರಕ್ಕಿಂತ ಹೆಚ್ಚು ಡೀಸೆಲ್ ಕೇಳುತ್ತಿರುವುದು ಆಗಲೇ ತಿಳಿದದ್ದು, ಗ್ಯಾರೇಜಿಗೆ ಕಳಿಸಿದರು.

ಇನ್ನು ಬಂಡವಾಳದ ಪ್ರಶ್ನೆ. ಸಾಮಾನ್ಯವಾಗಿ ಕಾರ್ಡಿಗೆ ಮೊದಲೇ ದುಡ್ಡು ತುಂಬಬೇಕು. ಬಾಡಿಗೆ ಕೈಸೇರಲು ತಿಂಗಳು ಹಿಡಿಯುವ ಸಣ್ಣ ಮಾಲೀಕನಿಗೆ ಇದು ಭಾರ. ಪರಿಚಯದ ಬಂಕಿನವರು ಹದಿನೈದು ದಿನ ಉದ್ರಿ ಕೊಡುತ್ತಿದ್ದರೆ ಆ ಉದ್ರಿಯ ಬೆಲೆ ಪಾಯಿಂಟ್‌ಗಿಂತ ದೊಡ್ಡದು. ಫೈನಾನ್ಸ್ ಕಂಪನಿಯ ಸಾಲದ ಜೊತೆ ಬರುವ ಕಾರ್ಡ್ ಆದರೆ ಗಡುವು ತಪ್ಪಿದಾಗಿನ ಬಡ್ಡಿ, ದಂಡದ ಸಾಲುಗಳನ್ನು ಓದಿಯೇ ಸಹಿ ಹಾಕಬೇಕು. ಎಲ್ಲಿ ಡೀಸೆಲ್ ಹಾಕಿಸುತ್ತೀರಿ ಎಂಬುದೂ ಮುಖ್ಯ. ಆಂಧ್ರ, ತೆಲಂಗಾಣ, ಕೇರಳಗಳಲ್ಲಿ ನಮ್ಮಲ್ಲಿಗಿಂತ ಡೀಸೆಲ್ ತುಟ್ಟಿಯಾಗಿರುತ್ತ ಬಂದಿದೆ. ಲೀಟರ್‌ಗೆ 4 ರೂಪಾಯಿ ವ್ಯತ್ಯಾಸವಿದ್ದರೆ 200 ಲೀಟರ್‌ಗೆ 800 ರೂಪಾಯಿ. ಗಡಿ ದಾಟುವ ಮುನ್ನ ಟ್ಯಾಂಕ್ ತುಂಬಿಸುವ ಮಾಲೀಕನಿಗೆ ಇದಕ್ಕೆ ಯಾವ ಕಾರ್ಡೂ ಬೇಕಿಲ್ಲ.

ತೆರಿಗೆಯ ವಿಷಯದಲ್ಲಿ ಕಾರ್ಡ್ ಮಾರುವವರ ಮಾತನ್ನು ಎಚ್ಚರದಿಂದ ಕೇಳಿ. ಬ್ರಿಟನ್‌ನಲ್ಲಿ ಇಂಧನ ಕಾರ್ಡ್‌ನ ದೊಡ್ಡ ಆಕರ್ಷಣೆ ಎಂದರೆ ವ್ಯಾಟ್ ಮರಳಿ ಪಡೆಯಲು ಸಿಗುವ ಅಚ್ಚುಕಟ್ಟಾದ ಬಿಲ್. ನಮ್ಮಲ್ಲಿ ಪೆಟ್ರೋಲ್, ಡೀಸೆಲ್‌ಗಳನ್ನು ಜಿಎಸ್‌ಟಿಗೆ ಇನ್ನೂ ತಂದಿಲ್ಲ. ಡೀಸೆಲ್ ಬಿಲ್ ಎಷ್ಟೇ ಚೆನ್ನಾಗಿದ್ದರೂ ಅದರ ಮೇಲೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಆದಾಯ ತೆರಿಗೆಯಲ್ಲಿ ಒಂದು ಪ್ರಯೋಜನವಿದೆ. ಒಂದೇ ದಿನ ಒಬ್ಬರಿಗೇ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ, ಲಾರಿಯ ಒಂದು ಫುಲ್ ಟ್ಯಾಂಕ್ ಆ ಮಿತಿಯನ್ನು ದಾಟುತ್ತದೆ. ಕಾರ್ಡ್ ಆ ತೊಂದರೆ ತಪ್ಪಿಸುತ್ತದೆ. ಹತ್ತು ಸರಕು ವಾಹನಗಳವರೆಗೆ ಇರುವವರು ವಾಹನಕ್ಕಿಷ್ಟು ಎಂಬ ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದರೆ ಖರ್ಚಿನ ಪುರಾವೆಯ ಪ್ರಶ್ನೆಯೇ ಬರುವುದಿಲ್ಲ. ಸಣ್ಣ ಮಾಲೀಕರಲ್ಲಿ ಬಹಳಷ್ಟು ಜನ ಈ ಗುಂಪಿಗೆ ಸೇರಬಲ್ಲವರು.

ಹಾಗಾದರೆ ತೆಗೆದುಕೊಳ್ಳಬೇಕೋ ಬೇಡವೋ? ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ಕಾರ್ಡ್‌ನಿಂದ ಸಿಗುವುದು ನಗದು ಹೊತ್ತು ತಿರುಗುವ ಕಷ್ಟದಿಂದ ಬಿಡುಗಡೆ, ಚೂರು ಪಾಯಿಂಟ್, ಅಷ್ಟೇ. ಮೂರು ನಾಲ್ಕು ಗಾಡಿಗಳನ್ನು ಡ್ರೈವರ್‌ಗಳ ಕೈಗೆ ಕೊಟ್ಟು ತಾನು ಊರಲ್ಲಿರುವವನು ತೆಗೆದುಕೊಳ್ಳಲೇಬೇಕು, ತಿಂಗಳಿಗೊಮ್ಮೆ ಕುಳಿತು ಸ್ಟೇಟ್‌ಮೆಂಟ್ ಓದುವುದಾದರೆ. ಅರ್ಜಿ ಹಾಕುವ ಮೊದಲು ಎರಡು ತಿಂಗಳು ನಿಮ್ಮ ಪ್ರತಿ ಗಾಡಿಯ ಫುಲ್ ಟ್ಯಾಂಕ್ ಮೈಲೇಜನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಕೆಲಸಕ್ಕೆ ಬಿಡುವಿಲ್ಲ ಅನ್ನಿಸಿದರೆ ಕಾರ್ಡ್ ತೆಗೆದುಕೊಂಡರೂ ನಿಮ್ಮ ಡೀಸೆಲ್ ಖರ್ಚು ಇಳಿಯುವುದಿಲ್ಲ.