ಸವಾರೊ: ಸೋನೋರಾ ಮರುಭೂಮಿಯ ಕಂಬಕಳ್ಳಿ

ಸವಾರೊ ಕಂಬದಂತೆ ನೆಟ್ಟಗೆ ನಿಂತು, ವಯಸ್ಸಾದ ಮೇಲೆ ತೋಳು ಚಾಚುವ ದೈತ್ಯ ಕಳ್ಳಿ. ಅಮೆರಿಕದ ಅರಿಝೋನಾ ಮತ್ತು ಮೆಕ್ಸಿಕೊದ ಉತ್ತರ ಭಾಗಕ್ಕೆ ಹಬ್ಬಿರುವ ಸೋನೋರಾ ಮರುಭೂಮಿಯೇ ಇದರ ತವರು. ಕೊಲರಾಡೊ ನದಿಯಾಚೆ ಕ್ಯಾಲಿಫೋರ್ನಿಯಾದ ಅಂಚಿನಲ್ಲೂ ಕೆಲವು ಗಿಡಗಳಿವೆ. ಸಸ್ಯಶಾಸ್ತ್ರಜ್ಞರಾದ ಬ್ರಿಟನ್ ಮತ್ತು ರೋಸ್ 1908ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹೆಸರನ್ನು ಇದರ ಕುಲಕ್ಕೆ ಇಟ್ಟರು. ಕರ್ನಾಟಕದ ಬೇಲಿಗಳಲ್ಲಿ ಕಾಣುವ ಚದುರಗಳ್ಳಿ ನೋಡಲು ಇದರಂತಿದ್ದರೂ, ಮುರಿದರೆ ಹಾಲು ಸುರಿಸುವ ಬೇರೆಯೇ ವಂಶದ್ದು. ಸವಾರೊದ ನಿಜವಾದ ನೆಂಟ, ಅಮೆರಿಕದಿಂದಲೇ ಬಂದ ಪಾಪಾಸುಕಳ್ಳಿ.

ಈ ಗಿಡಕ್ಕೆ ಅವಸರವೆಂಬುದಿಲ್ಲ. ಮೊಳೆತು ಎಂಟು ವರ್ಷ ಕಳೆದರೂ ಎತ್ತರ ಮೂರು ನಾಲ್ಕು ಸೆಂಟಿಮೀಟರ್ ದಾಟುವುದು ಕಷ್ಟ. ಸುಡುವ ಬಿಸಿಲು, ಚಳಿಗಾಲದ ಹಿಮ, ಮೆಲ್ಲುವ ಪ್ರಾಣಿಗಳು, ಇವೆಲ್ಲದರಿಂದ ಪಾರಾಗಲು ಸಸಿಗೆ ಪಾಲೊ ವರ್ಡೆ ಅಥವಾ ಮೆಸ್ಕೀಟ್‌ನಂಥ ಮರದ ಆಸರೆ ಬೇಕು. ಸಾಕಿದ ಮರವೇ ಮುಂದೆ ನೀರಿಗಾಗಿ ಈ ಕಳ್ಳಿಯೊಡನೆ ಪೈಪೋಟಿಗೆ ಬಿದ್ದು ಸೊರಗುವುದೂ ಉಂಟು. ಮೊದಲ ಹೂವಿಗೆ ಸುಮಾರು 35 ವರ್ಷ. ಮೊದಲ ತೋಳಿಗೆ 50ರಿಂದ 75 ವರ್ಷ. ಬದುಕಿ ಉಳಿದದ್ದು 12 ಮೀಟರ್ ಮೀರಿ ಬೆಳೆದು 150 ವರ್ಷಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ.

ಚಳಿಗಾಲದಲ್ಲೊಮ್ಮೆ, ಬೇಸಿಗೆಯ ನಡುವೆ ಇನ್ನೊಮ್ಮೆ ಇಲ್ಲಿ ಮಳೆಯಾಗುತ್ತದೆ. ಆ ನೀರು ಇಂಗಿ ಹೋಗುವ ಮೊದಲೇ ಹಿಡಿಯಲೆಂದು ಬೇರುಗಳು ಮಣ್ಣಿನ ಮೇಲ್ಪದರದಲ್ಲೇ, ಗಿಡದ ಎತ್ತರದಷ್ಟು ದೂರ ಹರಡಿರುತ್ತವೆ. ಕಾಂಡದ ಮೇಲಿನ ಏಣುಗಳು ಸೀರೆಯ ನೆರಿಗೆಯಂತೆ: ನೀರು ತುಂಬಿದಾಗ ಬಿಚ್ಚಿಕೊಳ್ಳುತ್ತವೆ, ಬರದಲ್ಲಿ ಮುದುಡುತ್ತವೆ. ನೀರುಂಡ ದೊಡ್ಡ ಗಿಡ ಹಲವು ಟನ್ ತೂಗುತ್ತದೆ. ಆ ಭಾರ ಹೊರಲು ಒಳಗೆ ಮರದಂತೆ ಗಟ್ಟಿಯಾದ ಪಕ್ಕೆಲುಬುಗಳಿವೆ. ಹಗಲಲ್ಲಿ ನೀರು ಆವಿಯಾಗದಂತೆ ಪತ್ರರಂಧ್ರಗಳು ರಾತ್ರಿ ತೆರೆಯುತ್ತವೆ. ಎಲೆಯಿಲ್ಲದ ಈ ಗಿಡದಲ್ಲಿ ಅವು ಇರುವುದು ಕಾಂಡದ ಮೇಲೆ.

ಹೂವೂ ರಾತ್ರಿಯೇ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಬಾವಲಿ, ಬಿಳಿರೆಕ್ಕೆಯ ಪಾರಿವಾಳ, ಜೇನ್ನೊಣಗಳು ಪರಾಗ ಸಾಗಿಸಿರುತ್ತವೆ. ಕೆಂಪು ತಿರುಳಿನ ಹಣ್ಣು ಮಾಗುವುದು ಜೂನ್‌ನಲ್ಲಿ, ಬೇಸಿಗೆ ಮಳೆಗೆ ತುಸು ಮುಂಚೆ. ಒಂದೊಂದರಲ್ಲೂ ಸುಮಾರು 2,000 ಬೀಜ. ಈ ನೆಲದ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನ ಸತ್ತ ಸವಾರೊದ ಪಕ್ಕೆಲುಬುಗಳನ್ನೇ ಕಟ್ಟಿ ದೋಟಿ ಮಾಡಿ ಹಣ್ಣು ಕೀಳುತ್ತಾರೆ, ಪಾಕ ಕಾಯಿಸುತ್ತಾರೆ, ಅದನ್ನು ಹುಳಿಸಿದ ಮದ್ಯದೊಂದಿಗೆ ಮಳೆ ಕರೆಯುವ ಆಚರಣೆ ನಡೆಸುತ್ತಾರೆ. ಇಲ್ಲಿಂದಲೇ ಅವರ ಹೊಸ ವರ್ಷ.

ಗೀಲಾ ಮರಕುಟಿಗ ಕಾಂಡ ಕೊರೆದು ಗೂಡು ಮಾಡಿದರೆ, ಗಿಡ ಆ ಗಾಯದ ಸುತ್ತ ಒರಟು ಗೋಡೆ ಕಟ್ಟಿಕೊಳ್ಳುತ್ತದೆ. ಮರಕುಟಿಗ ಬಿಟ್ಟುಹೋದ ಪೊಟರೆಗೆ ಪುಟ್ಟ ಎಲ್ಫ್ ಗೂಬೆ ಸೇರುತ್ತದೆ. ಗಿಡ ಸತ್ತು ಕೊಳೆತರೂ ಬೂಟಿನಾಕಾರದ ಆ ಗೋಡೆ ಮಾತ್ರ ಉಳಿಯುತ್ತದೆ.

ಟೂಸಾನ್ ನಗರದ ಪಕ್ಕದ ಸವಾರೊ ತೋಪುಗಳಿಗೆ 1933ರಲ್ಲಿ ಸರ್ಕಾರಿ ರಕ್ಷಣೆ ಸಿಕ್ಕಿತು. 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲಂಕಾರಕ್ಕೆಂದು ಕಳ್ಳರು ಗಿಡ ಅಗೆದೊಯ್ಯುತ್ತಿದ್ದುದರಿಂದ ಕೆಲವಕ್ಕೆ ಮೈಕ್ರೋಚಿಪ್ ಕೂಡ ಹಾಕಲಾಗಿದೆ. ಆದರೆ ಕಳ್ಳರಿಗಿಂತ ಹುಲ್ಲಿನ ಕಾಟವೇ ಹೆಚ್ಚು. ಭಾರತದಲ್ಲಿ ಅಂಜನ್ ಹುಲ್ಲು ಎನ್ನಿಸಿಕೊಂಡು ದನಗಳಿಗೆ ಒಳ್ಳೆಯ ಮೇವಾಗಿರುವ ಬಫೆಲ್ ಹುಲ್ಲನ್ನು ಅಲ್ಲಿಗೂ ಮೇವಿಗೆಂದೇ ಒಯ್ದರು. ಸೋನೋರಾದಲ್ಲಿ ಗಿಡಗಳ ನಡುವೆ ಬರಿನೆಲ ಇದ್ದುದರಿಂದ ಬೆಂಕಿ ಹಬ್ಬುತ್ತಿರಲಿಲ್ಲ. ಈಗ ಒಣಹುಲ್ಲು ಆ ಖಾಲಿ ಜಾಗ ತುಂಬಿ ಬೆಂಕಿಗೆ ದಾರಿ ಮಾಡಿದೆ. ಸುಟ್ಟ ನೆಲದಲ್ಲಿ ಹುಲ್ಲು ಬೇಗ ಚಿಗುರುತ್ತದೆ, ಸವಾರೊ ಚಿಗುರುವುದಿಲ್ಲ. ಉದ್ಯಾನದಲ್ಲಿ ಸ್ವಯಂಸೇವಕರು ಗುಡ್ಡ ಹತ್ತಿ ಈ ಹುಲ್ಲನ್ನು ಬುಡಸಮೇತ ಕೈಯಲ್ಲೇ ಕಿತ್ತು ಹಾಕುತ್ತಾರೆ.