ಕಡಲ ಸೆಕೆ, ಮರಳುಗಾಡಿನ ಬಿಸಿಲು, ಎರಡು ಸೈಕಲ್

ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಕರಾವಳಿಯ ನಾವುಂದದಲ್ಲಿ 33 ಡಿಗ್ರಿ ಸೆಲ್ಸಿಯಸ್ ಬಿಸಿ, ಗಾಳಿಯಲ್ಲಿ ಶೇ 75 ತೇವಾಂಶ ಎಂದಿಟ್ಟುಕೊಳ್ಳೋಣ. ಅದೇ ಹೊತ್ತಿಗೆ ಜೈಸಲ್ಮೇರ್‌ನಲ್ಲಿ 42 ಡಿಗ್ರಿ, ತೇವಾಂಶ ಶೇ 15. ಸೈಕಲ್ ತುಳಿಯುವವರಿಗೆ ಯಾವ ಊರು ಕಷ್ಟ? ಥರ್ಮಾಮೀಟರ್ ನೋಡಿದವರು ಜೈಸಲ್ಮೇರ್ ಎನ್ನುತ್ತಾರೆ. ಅದೇ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. ಜೈಸಲ್ಮೇರ್‌ನಲ್ಲಿ ಅದು ಸುಮಾರು 22ಕ್ಕೆ ಇಳಿಯುತ್ತದೆ, ನಾವುಂದದಲ್ಲಿ 29ಕ್ಕೇ ನಿಂತುಬಿಡುತ್ತದೆ. ಇದನ್ನು ವೆಟ್ ಬಲ್ಬ್ ಉಷ್ಣಾಂಶ ಎನ್ನುತ್ತಾರೆ. ಬೆವರು ಆರಿ ಮೈ ಎಷ್ಟು ತಣಿಯಬಲ್ಲದು ಎಂಬುದನ್ನು ಹೇಳುವ ಅಂಕಿ ಇದೇ. ಈ ಲೆಕ್ಕದಲ್ಲಿ ಮರುಭೂಮಿಗಿಂತ ನಮ್ಮ ಕರಾವಳಿಯೇ ಕಠಿಣ.

ಎರಡನ್ನೂ ಒಂದೇ ಪಯಣದಲ್ಲಿ ಕಾಣಬೇಕೆನ್ನುವವರಿಗೆ ದಾರಿ ನಾವುಂದದ ಪೇಟೆಯಲ್ಲೇ ಇದೆ. ಕನ್ಯಾಕುಮಾರಿಯಿಂದ ಪನ್ವೇಲ್‌ವರೆಗಿನ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವುದು ಇಲ್ಲಿಯೇ. ಪನ್ವೇಲ್ ದಾಟಿ ಗುಜರಾತ್ ಹೊಕ್ಕರೆ ಕಛ್, ಅದರಾಚೆ ಥಾರ್. ಒಟ್ಟು ಒಂದೂವರೆ ಸಾವಿರ ಕಿಲೋಮೀಟರಿಗೂ ಮೀರಿದ ಹಾದಿ.

ಗಂಡ ಹೆಂಡತಿ ಜೊತೆಯಾಗಿ ಇಂಥ ಸಾಹಸಕ್ಕಿಳಿದದ್ದು ಇಂದು ನಿನ್ನೆಯ ಮಾತಲ್ಲ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ, ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್, ಅಲ್ಜೀರಿಯಾದಲ್ಲಿ ಅಟ್ಲಾಸ್ ಪರ್ವತ ದಾಟಿ ಸಹಾರಾ ಕಡೆಗೆ ಸೈಕಲ್ ತುಳಿದ ಕಥೆ 1895ರಲ್ಲೇ ಪುಸ್ತಕವಾಯಿತು. ಆಮೇಲೆ ಅವರು ಭಾರತಕ್ಕೂ ಬಂದರು. 1904ರಲ್ಲಿ ಪ್ರಕಟವಾದ ಆ ಪ್ರವಾಸದ ಪುಸ್ತಕದ ಉಪಶೀರ್ಷಿಕೆಯಲ್ಲೇ 14,000 ಮೈಲಿ, ಅಂದರೆ ಸುಮಾರು 22,500 ಕಿಲೋಮೀಟರಿನ ಲೆಕ್ಕವಿದೆ. ರಾತ್ರಿ ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ತಂಗಬೇಕಿತ್ತು. ಕೆಲವು ದಿನ 40ರವರೆಗೂ ಪಂಕ್ಚರ್ ಹಾಕಬೇಕಿತ್ತು. ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದೇ 1888ರಲ್ಲಿ. ಆ ಕಾಲದ ಟೈರು, ಆ ಕಾಲದ ರಸ್ತೆ ನಂಬಿ ಹೊರಟ ಇಬ್ಬರನ್ನು ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ.

ಈಗ ದೇಹದ ವಿಷಯಕ್ಕೆ ಬರೋಣ. ನಡೆಯುವುದಕ್ಕೆ ಹೋಲಿಸಿದರೆ ಅಷ್ಟೇ ದೂರಕ್ಕೆ ಸೈಕಲ್ ತುಳಿಯಲು ಸುಮಾರು ಐದನೇ ಒಂದು ಪಾಲು ಶಕ್ತಿ ಸಾಕು. ಆದರೂ ಸ್ನಾಯು ಸುಡುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ನೂರಕ್ಕೆ 20ರಿಂದ 25 ಮಾತ್ರ, ಉಳಿದದ್ದೆಲ್ಲ ಶಾಖ. ಸಾಮಾನು ಹೇರಿಕೊಂಡು ನಿಧಾನಕ್ಕೆ 100 ವ್ಯಾಟ್‌ನಷ್ಟು ತುಳಿಯುವವರ ಮೈಯೊಳಗೆ 300ರಿಂದ 400 ವ್ಯಾಟ್ ಶಾಖ ಹುಟ್ಟುತ್ತಲೇ ಇರುತ್ತದೆ. ಅದನ್ನು ಬೆವರಿನ ಮೂಲಕವೇ ಹೊರಹಾಕುವುದಾದರೆ ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಆರಬೇಕು. ಗಮನಿಸಿ, ಸುರಿದರೆ ಸಾಲದು, ಆರಬೇಕು. ಗಲ್ಲದಿಂದ ತೊಟ್ಟಿಕ್ಕಿ ರಸ್ತೆಗೆ ಬಿದ್ದ ಹನಿ ಮೈಯನ್ನು ತಣಿಸುವುದಿಲ್ಲ, ನೀರು ಮತ್ತು ಉಪ್ಪನ್ನು ಮಾತ್ರ ಕಳೆಯುತ್ತದೆ.

ಇದನ್ನು ಮೈಯಲ್ಲೇ ಅರಿಯಬೇಕಿದ್ದರೆ ಬೈಂದೂರು ದಾಟಿ ಒತ್ತಿನೆಣೆಯ ಏರು ಹತ್ತಬೇಕು. ಮರವಂತೆಯ ಸಪಾಟು ರಸ್ತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ನದಿ. ಅಲ್ಲಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಾಗುವಾಗ ನಮ್ಮ ಓಟವೇ ಗಾಳಿ ಹುಟ್ಟಿಸಿ ಬೆವರನ್ನು ಒಣಗಿಸುತ್ತದೆ. ಏರಿನಲ್ಲಿ ವೇಗ ಆರೇಳಕ್ಕೆ ಇಳಿಯುತ್ತದೆ. ತುಳಿಯುವ ಬಲ ಹೆಚ್ಚಬೇಕು, ಬೀಸುವ ಗಾಳಿ ಮಾತ್ರ ಮೂರನೇ ಒಂದಕ್ಕೆ ಕುಸಿದಿರುತ್ತದೆ. ಅಂಗಿ ಬೆನ್ನಿಗೆ ಅಂಟುತ್ತದೆ, ಹುಬ್ಬಿನಿಂದ ಇಳಿದ ಬೆವರು ಕಣ್ಣು ಉರಿಸುತ್ತದೆ, ಎದೆ ಢವಢವ ಬಡಿಯುತ್ತದೆ. ಕಾಲಿನ ಸ್ನಾಯುಗಳಿಗೂ, ಶಾಖ ಬಿಡಲು ಚರ್ಮಕ್ಕೂ ಒಟ್ಟಿಗೇ ರಕ್ತ ಒದಗಿಸಬೇಕಾದ ಹೃದಯದ ಪಾಡು ಅದು.

ಕಛ್‌ನ ಒಣಗಾಳಿಯಲ್ಲಿ ಆಟ ತಿರುಗುಮುರುಗು. ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ, ಚರ್ಮ ಒಣಗಿಯೇ ಇರುತ್ತದೆ. ಸಂಜೆ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಎಷ್ಟು ನೀರು ಹೋಯಿತೆಂದು ತಿಳಿಯುವುದು. ಇನ್ನೊಂದು ಅಪಾಯವೂ ಇದೆ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಬೀಸುವ ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಮರುಭೂಮಿಯ ಜನ ಮೈತುಂಬ ಸಡಿಲ ಬಟ್ಟೆ ತೊಡುವುದರಲ್ಲಿ ದೊಡ್ಡ ವಿವೇಕವಿದೆ. ಅಲ್ಲಿ ನೀರಿನ ಬಾಟಲಿಗೆ ಒದ್ದೆ ಕಾಲುಚೀಲ ಹಾಕಿ ಸೈಕಲ್ಲಿಗೆ ಕಟ್ಟಿದರೆ ನೀರು ಹಿತವಾಗಿ ತಣ್ಣಗಾಗುತ್ತದೆ. ನಮ್ಮೂರ ಮೇ ತಿಂಗಳಲ್ಲಿ ಅದೇ ಉಪಾಯಕ್ಕೆ ಹೇಳಿಕೊಳ್ಳುವಂಥ ಫಲವಿಲ್ಲ.

ದಂಪತಿಗಳು ಮರೆಯಬಾರದ ಸಂಗತಿ ಒಂದಿದೆ: ಜೊತೆಯಾಗಿ ತುಳಿದರೂ ಎರಡು ದೇಹಗಳ ಲೆಕ್ಕ ಬೇರೆ. ಸಣ್ಣ ಮೈಕಟ್ಟಿನವರಿಗೆ ತೂಕದ ಹೋಲಿಕೆಯಲ್ಲಿ ಚರ್ಮದ ಹರವು ಹೆಚ್ಚು. ಸಾಮಾನ್ಯವಾಗಿ ಹೆಂಗಸರು ಗಂಡಸರಿಗಿಂತ ಕಡಿಮೆ ಬೆವರುತ್ತಾರೆ. ಸೆಕೆಯ ನಾಡಿನಲ್ಲಿ ಇದು ಅನುಕೂಲ, ವ್ಯರ್ಥವಾಗಿ ಸುರಿಯುವುದು ಕಡಿಮೆ. ಬೆಂಕಿಯಂಥ ಒಣಗಾಳಿಯಲ್ಲಿ ಹೆಚ್ಚು ಬೆವರಬಲ್ಲವರ ಕೈ ಮೇಲಾಗಬಹುದು. ಹಾಗಾಗಿ ಒಬ್ಬರ ಬಾಯಾರಿಕೆ ನೋಡಿ ಇನ್ನೊಬ್ಬರಿಗೆ ನೀರು ಅಳೆಯಬಾರದು. ತುಳಿಯುವ ಮೊದಲು ಮತ್ತು ನಂತರ ತೂಕ ನೋಡಿ. ಕಳೆದುಹೋದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ನಷ್ಟ ತೂಕದ ಶೇ 2 ದಾಟಿದರೆ ದೇಹದ ಕಸುವು ಇಳಿಯತೊಡಗುತ್ತದೆ.

ಬರೀ ನೀರು ಕುಡಿಯುತ್ತ ಹೋಗುವುದೂ ತಪ್ಪು. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುತ್ತವೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ. ಜೀವರಸಾಯನ ತಜ್ಞ ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟ ಈ ವಿಚಾರವೇ ಓಆರ್‌ಎಸ್ ಪೊಟ್ಟಣದ ಹಿಂದಿನ ವಿಜ್ಞಾನ. ಬೆಳಿಗ್ಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ ತಿಂದು ಹೊರಟವರು ಪಿಷ್ಟ, ಉಪ್ಪು, ನೀರು ಮೂರನ್ನೂ ಪಡೆದಿರುತ್ತಾರೆ. ಸೀಯಾಳದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಮಾತ್ರ ಕಡಿಮೆ. ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಗಾಳಿಯ ಮಾತು ಹೇಳದಿದ್ದರೆ ಲೇಖನ ಅರ್ಧವೇ. ಬೇಸಿಗೆಯ ಮಧ್ಯಾಹ್ನ ನಮ್ಮ ತೀರದಲ್ಲಿ ಕಡಲಗಾಳಿ ವಾಯವ್ಯದಿಂದ ಬೀಸುತ್ತದೆ, ಅಂದರೆ ಉತ್ತರಕ್ಕೆ ಹೊರಟವರ ಮುಖಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಕಿ.ಮೀ. ವೇಗದಲ್ಲಿ ಸಾಗುವಾಗ ಅಷ್ಟೇ ವೇಗದ ಎದುರುಗಾಳಿ ಬಂದರೆ ತಡೆ ನಾಲ್ಕು ಪಟ್ಟು. ಒಬ್ಬರ ಹಿಂದೆ ಒಬ್ಬರು ಸಾಗಿದರೆ ಹಿಂದಿನವರಿಗೆ ಅದು ಗಣನೀಯವಾಗಿ ತಗ್ಗುತ್ತದೆ. ಸರದಿ ಬದಲಿಸಿಕೊಳ್ಳುವುದು ಜೋಡಿ ಪಯಣಿಗರಿಗೆ ದಕ್ಕುವ ಲಾಭ. ಚೈನಿಗೂ ಎರಡು ನೀತಿ ಬೇಕು. ಉಪ್ಪುಗಾಳಿಯ ಕರಾವಳಿಯಲ್ಲಿ ಎಣ್ಣೆ ತುಕ್ಕನ್ನು ತಡೆಯುತ್ತದೆ. ಮರಳುನಾಡಿನಲ್ಲಿ ಅದೇ ಎಣ್ಣೆಗೆ ಮರಳು ಅಂಟಿ ಚೈನನ್ನು ಅರೆದು ಸವೆಸುತ್ತದೆ, ಅಲ್ಲಿ ಮೇಣದ ಲೇಪ ಒಳ್ಳೆಯದು.

ಹೊರಡುವ ಮನಸ್ಸಿದ್ದವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೊರಡಿ. ದೇಹ ಹೊಸ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು, ಅಷ್ಟು ದಿನ ದೂರ ಕಡಿಮೆ ಇಟ್ಟುಕೊಳ್ಳಿ. ಜೊತೆಗಾರರ ಮಾತು ತೊದಲಿದರೆ, ನಡೆ ತಪ್ಪಿದರೆ ಅದನ್ನು ಬರೀ ಆಯಾಸವೆಂದು ಬಿಡಬೇಡಿ. ಕೂಡಲೇ ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸುತ್ತಾ, 108ಕ್ಕೆ ಕರೆ ಮಾಡಿ.