ಸಾಸಿವೆ ಸಾಲಿಗೆ ಬರುವವರು

ಉತ್ತರ ಭಾರತದ ಹಾಗೆ ಕಣ್ಣು ಹಾಯುವವರೆಗೂ ಹಳದಿ ಹಾಸಿದ ಸಾಸಿವೆ ಹೊಲ ಹಳೇಬೀಡಿನ ಸುತ್ತ ಸಿಗುವುದಿಲ್ಲ. ನಮ್ಮಲ್ಲಿ ಸಾಸಿವೆ ಇರುವುದು ರಾಗಿಯ ಮಗ್ಗುಲಲ್ಲಿ. ಆರೆಂಟು ಸಾಲು ರಾಗಿ, ನಡುವೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ವರ್ಷದ ಒಗ್ಗರಣೆಗೆ, ಉಪ್ಪಿನಕಾಯಿಗೆ ಬೇಕಾದ ಕಾಳನ್ನು ಆ ಸಾಲೇ ಕೊಡುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಸಾಸಿವೆ ಹೂವಿಗೆ ನಾಲ್ಕೇ ಎಸಳು, ಒಳಗೆ ಆರು ಕೇಸರ: ನಾಲ್ಕು ಉದ್ದ, ಎರಡು ಗಿಡ್ಡ. ಮಕರಂದ ಇರುವುದು ಬುಡದಲ್ಲಿ. ತುಡುವೆ ಜೇನು ಎಸಳಿಗೆ ಕಾಲೂರಿ ತಲೆ ತೂರಿಸಿದರೆ ಎದೆಯ ರೋಮಕ್ಕೆಲ್ಲ ಹಳದಿ ಪುಡಿ. ಮೇಲೆದ್ದು ಮೈ ಬಾಚಿಕೊಂಡು ಆ ಪುಡಿಯನ್ನು ಹಿಂಗಾಲಿಗೆ ಉಂಡೆ ಕಟ್ಟುತ್ತದೆ. ಬಾಚುವಾಗ ತಪ್ಪಿ ಉಳಿದ ಚೂರುಪಾರೇ ಮುಂದಿನ ಹೂವಿಗೆ ಅಂಟುವುದು. ಕೆಲವು ಜೇನು ಎಸಳುಗಳ ಸಂದಿಯಿಂದ ನಾಲಿಗೆ ಇಳಿಸಿ, ಕೇಸರ ಮುಟ್ಟದೆಯೇ ಹೀರಿ ಹೋಗುವುದೂ ಉಂಟು. ಹೆಜ್ಜೇನು, ಕೋಲುಜೇನು, ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಸಣ್ಣ ಜೇನುಗಳೂ ಬರುತ್ತವೆ. ಜೇನಿನಂತೆ ಪಟ್ಟೆ ಹೊತ್ತು ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹೂನೊಣವನ್ನು ಹುಳವೆಂದು ಕೊಲ್ಲಬೇಡಿ. ಅದರ ಮರಿಹುಳು ಸಾಸಿವೆಗೆ ಹತ್ತುವ ಹೇನನ್ನು ತಿಂದೇ ಬೆಳೆಯುತ್ತದೆ.

ಸಾಸಿವೆ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಜೇನು ಬಂದರೆ ಕಾಯಿ ಹೆಚ್ಚು, ಕಾಳೂ ತುಂಬು. ಹುಚ್ಚೆಳ್ಳಿಗೆ ಅಷ್ಟೂ ಅನುಕೂಲವಿಲ್ಲ. ಅದಕ್ಕೆ ಸ್ವಂತ ಪರಾಗ ಒಗ್ಗದು, ಬೇರೆ ಗಿಡದ್ದೇ ಬೇಕು. ಜೇನಿಲ್ಲದಿದ್ದರೆ ಹೂವೆಲ್ಲ ಜಳ್ಳು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ರಾಜ್ಯದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿತ್ತು. ಅದನ್ನು ದಾಟಿ ಉಳಿದ ಜೇನಿಗೆ ಈಗ ಮೇವಿನದೇ ಚಿಂತೆ. ರಾಗಿ ಹೊಲಗಳು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿವೆ. ಮೆಕ್ಕೆಜೋಳದಲ್ಲಿ ಪರಾಗ ಸಿಕ್ಕೀತು, ಮಕರಂದ ಇಲ್ಲ. ಅಗಲ ಎಲೆಯ ಕಳೆ ಸುಡಲು ಹೊಡೆಯುವ ಔಷಧಿ ಸಾಸಿವೆ, ಹುಚ್ಚೆಳ್ಳನ್ನೂ ಸುಡುತ್ತದೆ. ಹಾಗಾಗಿ ಅಕ್ಕಡಿ ಹಾಕುವ ಮಾತೇ ಇಲ್ಲ. ಇದನ್ನು ನಾನು ಬರೀ ಒಗ್ಗರಣೆಯ ನಷ್ಟವೆಂದು ಎಣಿಸಲಾರೆ. ಅರಸೀಕೆರೆಯ ತೆಂಗಿನ ಹೊಂಬಾಳೆಗೂ ಹಿತ್ತಿಲ ಕುಂಬಳದ ಹೂವಿಗೂ ಇದೇ ಜೇನು ಬರಬೇಕು. ಬೇಲೂರು ಕಡೆಯ ತೋಟಗಳ ರೊಬಸ್ಟಾ ಕಾಫಿಗೂ ಹುಚ್ಚೆಳ್ಳಿನ ಹಾಗೆ ಬೇರೆ ಗಿಡದ ಪರಾಗವೇ ಆಗಬೇಕು. ಆ ಹೂಗಳ ಕಾಲ ಬರುವವರೆಗೆ ಜೇನು ಏನು ತಿಂದು ಬದುಕಬೇಕು?

ಎಕರೆಗಟ್ಟಲೆ ಬಿಡಿ ಎಂದು ಕೇಳುತ್ತಿಲ್ಲ. ಬರುವ ಮುಂಗಾರಿನಲ್ಲಿ ರಾಗಿಗೆ ಕೂರಿಗೆ ಹೂಡುವಾಗ ಒಂದು ಸಾಲು ಬಿಟ್ಟು ಹಿಡಿ ಸಾಸಿವೆ, ಹಿಡಿ ಹುಚ್ಚೆಳ್ಳು ಉದುರಿಸಿ. ಹೂವಿದ್ದಾಗ ಔಷಧಿ ಹೊಡೆಯಲೇಬೇಕಾಗಿ ಬಂದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ.